ಬೇರೆ ಸಾಕ್ಷಿ ಬೇಕು

ಪೆರ್ಲದಿಂದ ‘ದೇಹ ಮತ್ತು ಮನಸ್ಸು: ಒಂದು ಅವಲೋಕನ’ ಲೇಖನ ಕಳಿಸಿದ ಗೆಳೆಯರಿಗೆ,

ಲೇಖನ ತಲುಪಿದೆ, ಪೂರ್ತಿ ಓದಿದ್ದೇನೆ. ಭಾಷೆ ಶುದ್ಧವಾಗಿದೆ. ಮಹಾಪ್ರಾಣಗಳು ಎಲ್ಲೂ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಯುರೋಪಿನ ತತ್ವಜ್ಞಾನಿಗಳಾದ ಡೆಕಾರ್ಟ್, ಸ್ಪಿನೋಜಾ, ನಮ್ಮ ದರ್ಶನಗಳಾದ ಸಾಂಖ್ಯ, ಚಾರ್ವಾಕ ಎಲ್ಲವನ್ನೂ ಶ್ರದ್ಧೆಯಿಂದ ಓದಿದ್ದೀರಿ. ಸಂತೋಷ. ಆದರೆ ಈಗಿರುವ ಹಾಗೆ ಇದನ್ನು ಅಚ್ಚಿಗೆ ಕೊಡಲಾರೆ.

ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆಯುವ ಎಳೆಯರೇ ಕಮ್ಮಿ, ಬಂದದ್ದನ್ನು ಬೆನ್ನು ತಟ್ಟಿ ಹಾಕಿಬಿಡಿ ಎಂದು ಸ್ನೇಹಿತರು ನನಗೆ ಹೇಳುವುದುಂಟು. ನನಗದು ಒಪ್ಪಿಗೆಯಿಲ್ಲ. ಗಡಿಯಲ್ಲಿದ್ದೇವೆ ಅಂತ ರಿಯಾಯಿತಿ ಕೇಳಬಾರದು.

ನಿಮ್ಮ ಐದನೇ ಪುಟ ನನ್ನನ್ನು ಎರಡು ದಿನ ಕಾಡಿತು. ಬರೆದಿದ್ದೀರಿ: “ಪಾರ್ಶ್ವವಾಯು ಬಡಿದ ಮೇಲೆ ಅಜ್ಜಿಯ ಮಾತು ಹೋಯಿತು. ನಮ್ಮ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಆದರೆ ಸಂಜೆ ಭಜನೆ ಶುರುವಾದರೆ ಇಡೀ ಪದ ಹೇಳುತ್ತಿದ್ದರು.” ಇಲ್ಲಿಯವರೆಗೆ ಚೆನ್ನ. ಮುಂದಿನ ಸಾಲು: “ದೇಹ ಸೋತರೂ ಆತ್ಮ ಸೋಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?”

ಬೇಕು ಮಾರಾಯ್ರೆ, ಖಂಡಿತ ಬೇಕು.

ಅದರ ಮುಂದಿನ ಸಾಲು ಇನ್ನೂ ಧೈರ್ಯದ್ದು: “ಭೌತವಾದಿಗಳ ಬಳಿ ಇದಕ್ಕೆ ಉತ್ತರವಿಲ್ಲ.” ಭೌತವಾದಿ ಅಂದರೆ ಮನಸ್ಸೂ ದೇಹದ್ದೇ ಕೆಲಸ ಎನ್ನುವವನು. ಅವರನ್ನು ಕೇಳಿದವರು ಯಾರು? ಅವರ ಬಳಿ ಉತ್ತರ ಜೋರಾಗಿಯೇ ಇದೆ. 1745ರಲ್ಲಿ ಸ್ವೀಡನ್ನಿನ ಒಲೋಫ್ ಡಾಲಿನ್ ಎಂಬವರು ಇಂಥದ್ದೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಅವನಿಗೂ ಮಾತು ಹೋಗಿತ್ತು, ಆದರೆ ಕಾಯಿಲೆಗೆ ಮೊದಲೇ ಕಲಿತಿದ್ದ ಸ್ತೋತ್ರಗಳನ್ನು ಹಾಡುತ್ತಿದ್ದ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ, ‘ಟಾನ್’ ಎಂಬ ಒಂದೇ ಸದ್ದು ಉಳಿದಿದ್ದ ರೋಗಿ ತೀರಿಕೊಂಡ ಮೇಲೆ ಅವನ ಮಿದುಳು ನೋಡಿದರು. ಎಡಭಾಗದಲ್ಲಿ, ಮುಂದುಗಡೆ ಹಾನಿಯಾಗಿತ್ತು. ಮಾತು ಹೆಚ್ಚಿನವರಲ್ಲಿ ಮಿದುಳಿನ ಎಡಭಾಗವನ್ನು ನೆಚ್ಚಿಕೊಂಡಿದೆ, ಹಾಡಿಗೆ ಬಲಭಾಗದ ಆಸರೆಯೂ ಇದೆ. 1973ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಹಿಡಿದು, ರಾಗದಲ್ಲಿ ಹೇಳಿಸಿ ಮಾತು ಮರಳಿಸುವ ಒಂದು ಚಿಕಿತ್ಸೆಯನ್ನು ಪ್ರಕಟಿಸಿದರು. ಹಾಗಾಗಿ ಭೌತವಾದಿ ನಿಮ್ಮ ಅಜ್ಜಿಯನ್ನು ತನ್ನ ಸಾಕ್ಷಿಯಾಗಿಯೇ ಕರೆಯುತ್ತಾನೆ. ‘ನೋಡಿ, ಮಿದುಳಿನ ಒಂದು ಕಡೆ ಪೆಟ್ಟು ಬಿದ್ದರೆ ಮನಸ್ಸಿನ ಒಂದು ತುಂಡು ಮಾತ್ರ ಹೋಗುತ್ತದೆ. ಮನಸ್ಸು ದೇಹದಿಂದ ಬೇರೆಯಾಗಿದ್ದರೆ ಹೀಗೆ ತುಂಡುತುಂಡಾಗಿ ಹೋಗುವುದು ಹೇಗೆ?’

ನಿಮ್ಮ ಪಕ್ಷ ಸೋತಿತು ಅಂತ ನಾನು ಹೇಳುತ್ತಿಲ್ಲ. ಈ ಪ್ರಶ್ನೆ ಬಂದ ಮೇಲೆ ನಿಮ್ಮ ಪಕ್ಷಕ್ಕೆ ಕೆಲಸ ಶುರುವಾಗುತ್ತದೆ, ಅಷ್ಟೇ. ಶಂಕರರು ಬ್ರಹ್ಮಸೂತ್ರಭಾಷ್ಯದ ಮೂರನೇ ಅಧ್ಯಾಯದಲ್ಲಿ ಮಾಡಿದ್ದು ಇದನ್ನೇ. ದೇಹವೇ ಆತ್ಮ ಎನ್ನುವ ಲೋಕಾಯತರಿಗೆ ಮೊದಲು ಮಾತು ಕೊಡುತ್ತಾರೆ: ದೇಹ ಇದ್ದಾಗ ಅರಿವು ಇದೆ, ಇಲ್ಲದಾಗ ಇಲ್ಲ, ಬೆಂಕಿಗೆ ಬಿಸಿ ಇದ್ದ ಹಾಗೆ ದೇಹಕ್ಕೆ ಅರಿವು. ಆಮೇಲೆ ಉತ್ತರ: ದೀಪ ಇದ್ದರೆ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ, ಅಷ್ಟಕ್ಕೆ ನೋಟ ಎನ್ನುವುದು ದೀಪದ ಗುಣ ಆಗಿಬಿಡುತ್ತದೆಯೇ? ದೇಹವೂ ಹಾಗೊಂದು ಸಲಕರಣೆ ಯಾಕಿರಬಾರದು? ಎಷ್ಟು ಗಟ್ಟಿ ಉತ್ತರ ನೋಡಿ! ಎದುರಿನ ಮಾತು ಗಟ್ಟಿ ಇದ್ದದ್ದರಿಂದಲೇ ಇದು ಬಂತು. ನೀವು ಶಂಕರರನ್ನು ಎರಡು ಕಡೆ ಹೆಸರಿಸಿದ್ದೀರಿ, ಈ ಜಾಗಕ್ಕೆ ಮಾತ್ರ ಹೋಗಿಲ್ಲ.

ನಾನು ಕೆಲಸ ಕಲಿತ ಪತ್ರಿಕೆಯ ಸಂಪಾದಕರು ಹಳೇ ಕಾಲದವರು. ಲೇಖನ ಬರೆಯಲು ಬಿಡುತ್ತಲೇ ಇರಲಿಲ್ಲ. ಕರಡು ತಿದ್ದು, ವಿಳಾಸ ಬರಿ, ತಾಳಮದ್ದಳೆಗೆ ಹೋಗಿ ವರದಿ ತಾ. ತಾಳಮದ್ದಳೆ ಎಂದರೆ ವೇಷವಿಲ್ಲದೆ ಕೂತು, ಪಾತ್ರಗಳ ಮಾತಿನಲ್ಲೇ ನಡೆಸುವ ಯಕ್ಷಗಾನ. ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಮಳೆಗಾಲದಲ್ಲೂ ಎಲ್ಲಾದರೂ ಒಂದು ಕೂಟ ಇದ್ದೇ ಇರುತ್ತಿತ್ತು. ಒಂದು ಸಲ ವಾಲಿವಧೆ. ಹೊರಡುವ ಮೊದಲು ಕರೆದು ಹೇಳಿದರು: “ರಾಮ ಹೇಳುವುದು ಎಲ್ಲರಿಗೂ ಗೊತ್ತುಂಟು. ವಾಲಿ ಎಂತ ಕೇಳಿದ, ಅದನ್ನು ಮಾತ್ರ ಬರಕೊಂಡು ಬಾ.” ರಾತ್ರಿಯಿಡೀ ಕೂತು ವಾಲಿಯ ಮಾತು ಬರೆದೆ: ನಾನು ನಿನಗೇನು ಕೆಡುಕು ಮಾಡಿದ್ದೆ? ನಾನು ಇನ್ನೊಬ್ಬನ ಜತೆ ಹೋರಾಡುವಾಗ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಕ್ಷತ್ರಿಯ ಧರ್ಮ? ವಾಲಿಯ ಅರ್ಥ, ಅಂದರೆ ಅವನ ಮಾತು, ಹೇಳಿದವರು ಒಂದೊಂದೇ ಪ್ರಶ್ನೆ ಇಟ್ಟ ಹಾಗೆ ರಾಮನ ಅರ್ಥಧಾರಿ ಹೆಗಲ ಶಾಲು ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಕೂತರು. ಚಹಾಕ್ಕೆ ಎದ್ದವರೂ ವಾಪಸು ಬಂದರು. ಬರಿಯ ವಾಲಿಯ ಮಾತುಗಳ ಆ ವರದಿ ಅಚ್ಚಾಯಿತು. ಕೆಲವು ಭಕ್ತರಿಗೆ ಸಿಟ್ಟು ಬಂತು, ಇರಲಿ.

ನಿಮ್ಮ ಲೇಖನದಲ್ಲಿ ವಾಲಿಯೇ ಇಲ್ಲ. ಆತ್ಮ ಬೇರೆ, ದೇಹ ಬೇರೆ ಎಂದವರು ಡೆಕಾರ್ಟ್. ಹಾಗಾದರೆ ಒಂದು ಇನ್ನೊಂದನ್ನು ನಡೆಸುವುದು ಹೇಗೆ ಎಂಬ ಸಮಸ್ಯೆ ಬರುತ್ತದೆ. ಮೂರನೇ ಪುಟದ ಈ ಸಾಲು ನೋಡಿ: “ಡೆಕಾರ್ಟ್ ಪೀನಿಯಲ್ ಗ್ರಂಥಿಯ ಮೂಲಕ ಈ ಸಮಸ್ಯೆಯನ್ನು ಬಗೆಹರಿಸಿದರು.” ಬಗೆಹರಿಸಿದರಾ? ಮಿದುಳಿನೊಳಗಿನ ಆ ಗ್ರಂಥಿ ಎಷ್ಟೇ ಸಣ್ಣದಿರಲಿ, ಅದೂ ದೇಹವೇ ಅಲ್ವಾ? 1643ರಲ್ಲಿ 24 ವರ್ಷದ ಹೆಣ್ಣುಮಗಳು, ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್, ಡೆಕಾರ್ಟ್‌ಗೆ ಕಾಗದ ಬರೆದು ಕೇಳಿದಳು: ಜಾಗವನ್ನೇ ಆವರಿಸದ, ಯಾವುದನ್ನೂ ಮುಟ್ಟಲಾರದ ಆತ್ಮ ದೇಹವನ್ನು ಹೇಗೆ ಅಲುಗಾಡಿಸುತ್ತದೆ? ಅವರು ಉತ್ತರಿಸಿದರು. ಅವಳು ಒಪ್ಪಲಿಲ್ಲ. ಹೀಗೆ ಆತ್ಮ ದೇಹವನ್ನು ಅಲುಗಾಡಿಸುತ್ತದೆ ಎನ್ನುವುದಕ್ಕಿಂತ ಆತ್ಮವೂ ಜಡವಸ್ತುವೇ ಎಂದು ಒಪ್ಪುವುದು ನನಗೆ ಸುಲಭ ಎಂದು ತಿರುಗಿ ಬರೆದಳು. 1650ರಲ್ಲಿ ಅವರು ತೀರಿಹೋಗುವವರೆಗೂ ಕಾಗದಗಳು ನಡೆದವು. ಎಲಿಜಬೆತ್ ಇಲ್ಲದೆ ಡೆಕಾರ್ಟ್ ಬಗ್ಗೆ ಬರೆಯುವುದು ಅರ್ಧ ಕೂಟ ಮಾತ್ರ.

ಏಳನೇ ಪುಟ ನನ್ನನ್ನು ನಿಜಕ್ಕೂ ರೇಗಿಸಿತು. “ಇದನ್ನೇ ನಮ್ಮ ಸಾಂಖ್ಯರು ಎಂದೋ ಹೇಳಿದ್ದರು, ಡೆಕಾರ್ಟ್ ಹೊಸದೇನನ್ನೂ ಹೇಳಿಲ್ಲ.” ಇದನ್ನೇ ಎಂದರೆ ಯಾವುದನ್ನು? ಡೆಕಾರ್ಟ್‌ನ ಆತ್ಮ ಯೋಚಿಸುತ್ತದೆ, ಸಂಶಯಪಡುತ್ತದೆ, ಬಯಸುತ್ತದೆ. ಸಾಂಖ್ಯದಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯ, ಅಂದರೆ ಜಡದ, ಪಾಲಿಗೆ ಸೇರಿವೆ. ಪುರುಷ, ಅಂದರೆ ಅರಿವು, ಏನನ್ನೂ ಮಾಡುವುದಿಲ್ಲ, ಸುಮ್ನೆ ನೋಡುತ್ತಾನೆ. ಇಬ್ಬರೂ ಎರಡು ಭಾಗ ಮಾಡಿದ್ದು ಹೌದು, ಆದರೆ ಗೆರೆ ಎಳೆದದ್ದು ಬೇರೆ ಬೇರೆ ಕಡೆ. ಸಾಂಖ್ಯರ ಲೆಕ್ಕದಲ್ಲಿ ಅಜ್ಜಿ ಮರೆತ ಹೆಸರುಗಳೂ ಪ್ರಕೃತಿ, ನೆನಪಿಟ್ಟ ಭಜನೆಯ ಪದವೂ ಪ್ರಕೃತಿ. ಅಂದರೆ ನಿಮ್ಮ ಐದನೇ ಪುಟವನ್ನು ಏಳನೇ ಪುಟವೇ ಕೆಡವಿಹಾಕುತ್ತದೆ. ನೀವಿದನ್ನು ಗಮನಿಸಿದ್ದರೆ ಲೇಖನ ಅಲ್ಲೇ ಜೀವ ಪಡೆಯುತ್ತಿತ್ತು.

ಹೇಳಿದ ನಮ್ಮವರಿಗೆ ಎದುರು ಹೇಳಿದವರೂ ನಮ್ಮವರೇ. ಕುರುಡನ ಹೆಗಲೇರಿದ ಕುಂಟನ ಹಾಗೆ ಪುರುಷ ಪ್ರಕೃತಿಯೊಂದಿಗೆ ಇರುತ್ತಾನೆ ಎಂದು ಸಾಂಖ್ಯಕಾರಿಕೆ ಹೇಳುತ್ತದೆ. ಶಂಕರರು ಬಿಡಲಿಲ್ಲ: ಕುಂಟ ಬಾಯಿಬಿಟ್ಟು ದಾರಿ ಹೇಳಬಲ್ಲ, ನಿಮ್ಮ ಪುರುಷ ಏನೂ ಮಾಡದವನು, ಅವನು ಪ್ರಕೃತಿಯನ್ನು ನಡೆಸುವುದು ಹೇಗೆ? ಹೆಚ್ಚುಕಮ್ಮಿ ಎಲಿಜಬೆತ್ ಕೇಳಿದ್ದೂ ಇದೇ. ಹೋಲಿಕೆ ಬೇಕಿದ್ದರೆ ಈ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಇಡಿ. ಉತ್ತರಗಳನ್ನು ಪಕ್ಕದಲ್ಲಿಟ್ಟು ನಮ್ಮದು ಮೊದಲು ಎಂದು ಜಂಬ ಪಡುವುದು ಭಾಷಣಕ್ಕೆ ಸಾಕು, ಲೇಖನಕ್ಕಲ್ಲ.

ಉಳಿದ ಪುಟಗಳ ಬಗ್ಗೆ ಮಾತಾಡುವುದಿಲ್ಲ. ಕ್ವಾಂಟಮ್ ಬಗ್ಗೆ ಇರುವ ಪುಟವನ್ನು ದಯವಿಟ್ಟು ತೆಗೆಯಿರಿ.

ಒಂದು ಕೆಲಸ ಮಾಡಿ. ಅಜ್ಜಿಯನ್ನು ನೋಡಿಕೊಂಡವರು ನಿಮ್ಮ ತಾಯಿ ಎಂದು ಬರೆದಿದ್ದೀರಿ. ಅವರನ್ನು ಕೂರಿಸಿ ಕೇಳಿ. ಅಜ್ಜಿ ಹೇಳುತ್ತಿದ್ದದ್ದು ಯಾವ ಪದ? ಮೊದಲೇ ಬಾಯಿಪಾಠ ಇದ್ದದ್ದು ಮಾತ್ರವೋ, ಹೊಸದಾಗಿ ಕೇಳಿದ್ದೂ ಬರುತ್ತಿತ್ತೋ? ರಾಗ ಬಿಟ್ಟು ಅದೇ ಸಾಲನ್ನು ಹೇಳು ಎಂದರೆ ಹೇಳುತ್ತಿದ್ದರಾ? ಒಂದು ಎರಡು ಮೂರು ಎಂದು ಎಣಿಸಲು ಆಗುತ್ತಿತ್ತಾ? ಹೆಸರು ಬಾಯಿಗೆ ಬಾರದಿದ್ದಾಗ ಸಿಟ್ಟಾಗುತ್ತಿದ್ದರಾ? ಸಿಟ್ಟಾಗುತ್ತಿದ್ದರು ಎಂದಾದರೆ ಹೇಳಬೇಕಾದ್ದು ಒಳಗೆ ಗೊತ್ತಿತ್ತು ಎಂದಾಯಿತಲ್ಲ, ಅದನ್ನು ಎರಡೂ ಪಕ್ಷದವರು ಹೇಗೆ ವಿವರಿಸುತ್ತಾರೆ ನೋಡಿ. ನಿಮ್ಮ ತಾಯಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನಾಲ್ಕೈದು ಪುಟ ಸಾಕು, ಓಣಂ ರಜೆಯ ಒಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ