ಪ್ರಧಾನಿಯನ್ನು ನಿಂದಿಸಿದರೆ ರಾಜದ್ರೋಹವೇ?

ಪ್ರಶ್ನೆ: ಹಾಲಿ ಪ್ರಧಾನಿಯನ್ನು ಬಹಿರಂಗವಾಗಿ ಹೀನಾಯವಾಗಿ ನಿಂದಿಸುವುದು ರಾಜದ್ರೋಹವಲ್ಲವೇ? ಹುದ್ದೆಗಾದರೂ ಗೌರವ ಬೇಡವೇ?

ಉತ್ತರ: ಅಷ್ಟರಿಂದಲೇ ರಾಜದ್ರೋಹವಾಗುವುದಿಲ್ಲ. ಸರ್ಕಾರದ ವಿರುದ್ಧದ ಮಾತು ಎಷ್ಟೇ ಕಟುವಾಗಿದ್ದರೂ, ಅದು ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಪ್ರಚೋದನೆ ನೀಡದ ಹೊರತು ರಾಜದ್ರೋಹವೆನಿಸದು ಎಂದು ಸುಪ್ರೀಂ ಕೋರ್ಟ್ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ನಮ್ಮ ಬೀದರ್‌ನಲ್ಲಿ 2020ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಶಾಲಾಮಕ್ಕಳು ಆಡಿದ ನಾಟಕವೊಂದರಲ್ಲಿ ಪ್ರಧಾನಿಯನ್ನು ಅವಮಾನಿಸಲಾಗಿದೆ ಎಂಬ ದೂರಿನ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾಗಿ, ಮುಖ್ಯ ಶಿಕ್ಷಕಿ ಮತ್ತು ವಿದ್ಯಾರ್ಥಿನಿಯೊಬ್ಬಳ ತಾಯಿ ಜೈಲು ಸೇರಿದರು, ಪೊಲೀಸರು ಮಕ್ಕಳನ್ನೂ ವಿಚಾರಿಸಿದರು (ಇದರ ಅಗತ್ಯವಾದರೂ ಏನಿತ್ತೋ!). 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯ ವಿರುದ್ಧದ ಮೊಕದ್ದಮೆಯನ್ನು ರದ್ದುಪಡಿಸಿತಾದರೂ, ಅಂಥ ಮಾತು ಅವಹೇಳನಕಾರಿ ಮತ್ತು ಬೇಜವಾಬ್ದಾರಿಯದು ಎನ್ನಲು ಹಿಂಜರಿಯಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ತೀರ್ಪಿನಲ್ಲಿಯೇ ಇದೆ: ಅಸಭ್ಯವಾದುದೆಲ್ಲ ಅಪರಾಧವಲ್ಲ. ಗೌರವ ಬೇಕು, ನಿಜ. ಆದರೆ ಅದನ್ನು ಪೊಲೀಸ್ ಠಾಣೆಯ ಮೂಲಕ ವಸೂಲಿ ಮಾಡಲಾಗದು. ವ್ಯಂಗ್ಯಚಿತ್ರಕಾರ ಶಂಕರ್ ತಮ್ಮನ್ನು ವರ್ಷಗಟ್ಟಲೆ ಗೇಲಿ ಮಾಡಿದರೂ ನೆಹರೂ ಶಂಕರ್ ಅವರ ಸ್ನೇಹವನ್ನು ಬಿಡಲಿಲ್ಲ. ಸುಳ್ಳು ಆರೋಪದಿಂದ ಮಾನಹಾನಿಯಾದರೆ ಪ್ರಧಾನಿಗೂ ಕಾನೂನಿನ ನೆರವುಂಟು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಇರುವುದೇ ಅದಕ್ಕಾಗಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ರಾಜದ್ರೋಹದ 124-ಎ ಕಲಮು ಹೋಗಿ, ಈ ಹೊಸ ಸಂಹಿತೆಯಲ್ಲಿ ದೇಶದ ಸಾರ್ವಭೌಮತೆ ಮತ್ತು ಏಕತೆಗೆ ಧಕ್ಕೆ ತರುವ ಕೃತ್ಯಗಳನ್ನು ಕುರಿತ 152ನೇ ಕಲಮು ಬಂದಿದೆ. ಅದರಲ್ಲಿಯೂ ಪ್ರಧಾನಿಯ ನಿಂದನೆ ಪ್ರತ್ಯೇಕ ಅಪರಾಧವಲ್ಲ.