ಮರಗೆಣಸು ಕಿತ್ತು ಎಸೆಯಬೇಕಾ?

ಪ್ರಶ್ನೆ: ಅಕ್ಕಾ, ನಮ್ಮ ಹಿತ್ತಲ ಧರೆಯಲ್ಲಿ ಅತ್ತೆ ನೆಟ್ಟ ಮರಗೆಣಸು ಬೇಕಾದಷ್ಟಿದೆ. ಅದರಲ್ಲಿ ವಿಷ ಇದೆ ಅಂತ ಯಾರೋ ಹೇಳಿದ ಮೇಲೆ ಮನೆಯಲ್ಲಿ ಯಾರೂ ಮುಟ್ಟುತ್ತಿಲ್ಲ. ಕಿತ್ತು ಅಡಿಕೆ ಸಸಿ ಇಡೋಣ ಅಂತಾರೆ ನಮ್ಮನೆಯವರು. ಏನು ಮಾಡಲಿ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಕೀಳಬೇಡಿ ತಂಗಿ.

ವಿಷದ ಮಾತು ಸುಳ್ಳಲ್ಲ. ಹಸಿ ಗಡ್ಡೆಯನ್ನು ಕತ್ತರಿಸಿದಾಗ, ಜಗಿದಾಗ ಸೈನೈಡ್ ಹುಟ್ಟುತ್ತದೆ. ಸಿಪ್ಪೆ, ಎಲೆಗಳಲ್ಲಿ ಅದು ಜಾಸ್ತಿ. ನಾನು ಮದುವೆಯಾಗಿ ಬಂದ ವರ್ಷ ನಮ್ಮ ಕರುವೊಂದು ಬೇಲಿ ದಾಟಿ ಹಸಿ ಎಲೆ ಮೇಯ್ದು, ಸಂಜೆಯೊಳಗೆ ಸತ್ತೇ ಹೋಯಿತು. ಇವತ್ತಿಗೂ ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ. ಹಾಗಾಗಿ ದನಕ್ಕೆ ಹಸಿ ಎಲೆ ಹಾಕಬೇಡಿ, ಮಕ್ಕಳ ಕೈಗೆ ಹಸಿ ಗಡ್ಡೆ ಕೊಡಬೇಡಿ.

ಬೇಯಿಸುವ ಕ್ರಮ ಗೊತ್ತಿದ್ದರೆ ಭಯ ಬೇಡ. ಕಂದು ಸಿಪ್ಪೆಯ ಅಡಿಯಲ್ಲಿ ದಪ್ಪನೆಯ ಒಳಸಿಪ್ಪೆ ಇರುತ್ತದೆ, ತುಸು ಗುಲಾಬಿ ಬಣ್ಣ. ಉದ್ದಕ್ಕೆ ಒಂದು ಗೀರು ಹಾಕಿ ಹೆಬ್ಬೆರಳು ತೂರಿಸಿದರೆ ಪಟ್ಟಿಯ ಹಾಗೆ ಸುಲಿದು ಬರುತ್ತದೆ. ಒಳಗೆ ಗಡ್ಡೆ ಹಾಲಿನಷ್ಟು ಬೆಳ್ಳಗೆ. ಸಣ್ಣ ಹೋಳು ಮಾಡಿ, ಜಾಸ್ತಿ ನೀರಿಟ್ಟು, ಮುಚ್ಚಳ ಮುಚ್ಚದೆ ಚೆನ್ನಾಗಿ ಬೇಯಿಸಿ. ಆ ನೀರು ಬಸಿದು ಚೆಲ್ಲಿ. ಕಹಿ ಇದ್ದರೆ ತಿನ್ನಲೇಬೇಡಿ. ಕಿತ್ತ ಗಡ್ಡೆಯನ್ನು ಮೂರು ದಿನ ಇಟ್ಟರೆ ಒಳಗೆ ನೀಲಿಗಪ್ಪು ಗೆರೆ ಏಳುತ್ತವೆ. ಅವತ್ತಿಗೆ ಬೇಕಾದಷ್ಟೇ ಕೀಳಿ. ಉಳಿದದ್ದು ಮಣ್ಣಲ್ಲೇ ಇರಲಿ, ಹಂದಿ ಕಾಟ ಇಲ್ಲದಿದ್ದರೆ.

ಬಡವರ ಗಡ್ಡೆ ಅಂತ ಇದನ್ನು ಕೀಳಾಗಿ ನೋಡುತ್ತೇವಲ್ಲ, ನನಗೆ ಬೇಜಾರಾಗುವುದು ಅಲ್ಲೇ. ದಕ್ಷಿಣ ಅಮೆರಿಕದಿಂದ ಬಂದ ಈ ಬೆಳೆ ಇವತ್ತು ಆಫ್ರಿಕಾದಲ್ಲಿ ಕೋಟಿಗಟ್ಟಲೆ ಜನರ ದಿನದ ಊಟ. ನೈಜೀರಿಯಾ ಒಂದೇ ವರ್ಷಕ್ಕೆ ಸುಮಾರು 6 ಕೋಟಿ ಟನ್ ಬೆಳೆಯುತ್ತದೆ. ಅಲ್ಲಿನ ಹೆಂಗಸರು ಗಡ್ಡೆ ತುರಿದು, ಚೀಲಕ್ಕೆ ತುಂಬಿ, ಮೇಲೆ ಭಾರ ಹೇರಿ ಎರಡು ಮೂರು ದಿನ ಹುಳಿ ಬರಿಸುತ್ತಾರೆ. ಸೋರುವ ನೀರಿನ ಜೊತೆ ವಿಷವೂ ಇಳಿಯುತ್ತದೆ. ಆಮೇಲೆ ಅಗಲ ಬಾಣಲೆಯಲ್ಲಿ ಹುರಿದರೆ ರವೆಯಂಥ 'ಗರಿ' ಸಿದ್ಧ. ತಿಂಗಳುಗಟ್ಟಲೆ ಕೆಡುವುದಿಲ್ಲ. ಎಂಥಾ ಕೈಕೆಲಸ ಅಲ್ವಾ! 1942ರಲ್ಲಿ ಬರ್ಮಾದ ಅಕ್ಕಿ ನಿಂತಾಗ ಪಕ್ಕದ ಕೇರಳದ ಹೊಟ್ಟೆ ತುಂಬಿಸಿದ್ದೂ ಇದೇ. ನಾವು ಉಪವಾಸಕ್ಕೆ ತಿನ್ನುವ ಸಬ್ಬಕ್ಕಿಯನ್ನು ಸೇಲಂ ಕಡೆ ಇದೇ ಗಡ್ಡೆಯ ಹಿಟ್ಟಿನಿಂದ ಮಾಡುತ್ತಾರೆ.

ಒಂದು ದಿನ ಬೇಯಿಸಿ, ಬಿಸಿ ಇರುವಾಗಲೇ ಯಜಮಾನರಿಗೆ ಬಡಿಸಿ. ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು ಜಜ್ಜಿ ಕೊಬ್ಬರಿ ಎಣ್ಣೆ ಕಲಸಿದರೆ ಸಾಕು, ಬೇರೆ ಚಟ್ನಿ ಬೇಡ. ಕಿತ್ತ ಗಿಡದ ಕಾಂಡ ಎಸೆಯಬೇಡಿ. ನೆರಳಲ್ಲಿ ನಿಲ್ಲಿಸಿಟ್ಟು, ಮಳೆ ಹಿಡಿದ ಮೇಲೆ ಗೇಣುದ್ದ ತುಂಡು ಮಾಡಿ ಅದೇ ಧರೆಯಲ್ಲಿ ಊರಿ.