ವೈಟ್ ಗೋಲ್ಡ್ ಉಂಗುರ ಹಳದಿಯಾಗ್ತಿದೆ ಅಂತ ಕೇಳಿದ್ದಕ್ಕೆ

ಉಂಗುರದ ಅಂಚು ಹಳದಿಯಾಗ್ತಿದೆ ಅಂದ್ರೆ ಅಂಗಡಿಯವ್ರು ಮೋಸ ಮಾಡಿದಾರೆ ಅಂತಲ್ಲ, ಹೆಚ್ಚಾಗಿ ಮೇಲಿನ ರೋಡಿಯಂ ಪ್ಲೇಟಿಂಗ್ (ರೋಡಿಯಂ ಅನ್ನೋ ಲೋಹದ ತೆಳು ಲೇಪನ) ಸವೆದಿರುತ್ತೆ. ವೈಟ್ ಗೋಲ್ಡ್ ಅಂದ್ರೆ ಚಿನ್ನಕ್ಕೆ ನಿಕಲ್ ಥರದ ಬಿಳಿ ಲೋಹ ಬೆರೆಸಿದ್ದು, ಅದಕ್ಕೆ ಒಳಗಡೆ ಸ್ವಲ್ಪ ಹಳದಿ ಛಾಯೆ ಇರುತ್ತೆ, ಆ ಬಿಳಿ ಹೊಳಪು ಕೊಡೋದು ರೋಡಿಯಂ, ಪ್ಲಾಟಿನಂ ಗುಂಪಿನ ಲೋಹ, ಗಟ್ಟಿ, ಗಾಳಿಗೆ ಕಪ್ಪಾಗಲ್ಲ, ಆದ್ರೆ ಸಿಗೋದೇ ಅಪರೂಪ, ಭಾರೀ ದುಬಾರಿ, ಅದಕ್ಕೇ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾಗಿ ಹಾಕಿರ್ತಾರೆ, ದಿನಾ ಹಾಕ್ಕೊಂಡ್ರೆ ಉಜ್ಜಿ ಉಜ್ಜಿ ಹೋಗುತ್ತೆ.

ಮೊದ್ಲು ಬೆಚ್ಚಗಿನ ಸೋಪ್ ನೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೀರಿ, ಬರೀ ಕೊಳೆ ಆಗಿದ್ರೆ ಹೋಗುತ್ತೆ. ಟೂತ್‌ಪೇಸ್ಟ್ ಮಾತ್ರ ಬೇಡ, ಉಳಿದಿದ್ದೂ ಸವೆಯುತ್ತೆ. ಹೋಗ್ಲಿಲ್ಲ ಅಂದ್ರೆ ಅಂಗಡೀಲಿ ಕಲ್ಲು ಸಡಿಲ ಆಗಿದ್ಯಾ ನೋಡ್ಸಿ, ಪಾಲಿಶ್ ಮಾಡ್ಸಿ, ಆಮೇಲೆ ಮತ್ತೆ ಪ್ಲೇಟಿಂಗ್ ಹಾಕ್ಸಿ. ಬೆರಳು ತುರಿಸ್ತಿದ್ರೆ ಒಳಗಿನ ನಿಕಲ್ ಕಾರಣ ಇರ್ಬಹುದು, ಉಂಗುರ ನೋಡದೆ ಗ್ಯಾರಂಟಿ ಹೇಳಕ್ಕಾಗಲ್ಲ, ಬಿಲ್ ತಗೊಂಡೋಗಿ ಅದನ್ನೂ ಕೇಳಿ.